ಹೈದರಾಬಾದಿನ ಮಗು, ರಿಚ್ಮಂಡಿನ ಇಂಗ್ಲಿಷ್ ಮೇಡಂ, ಈಗ ಸೆನೆಟ್ ಪೀಠದಲ್ಲಿ: ನಮ್ಮ ಮೇಷ್ಟ್ರುಗಳಿಗೆ ಈ ದಾರಿ ಯಾಕಿಲ್ಲ?

ಹದಡಿ ರಸ್ತೆ ಮೇಷ್ಟ್ರು

2025ರ ನವೆಂಬರ್ 4ರಂದು ಅಮೆರಿಕದಲ್ಲಿ ನಡೆದ ಚುನಾವಣೆ ನೆನಪಿರಬಹುದು. ನ್ಯೂಯಾರ್ಕಿನಲ್ಲಿ ಮಮ್ದಾನಿ ಮೇಯರ್ ಆಗಿ ಗೆದ್ದರು ಅಂತ ದಾವಣಗೆರೆಯ ನಮ್ಮ ಗಾಜಿನ ಮನೆ ವಾಕಿಂಗ್ ಗುಂಪಿನಲ್ಲೂ ವಾರಗಟ್ಟಲೆ ಅದೇ ಮಾತು. ಅದೇ ದಿನ ವರ್ಜೀನಿಯಾ ರಾಜ್ಯದಲ್ಲಿ ಗಜಾಲಾ ಹಶ್ಮಿ ಅನ್ನೋ ಇಂಗ್ಲಿಷ್ ಮೇಡಂ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದರು. ಅವರ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಹೈಸ್ಕೂಲಿನಲ್ಲಿ 31 ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು, ಹಾಗಾಗಿ ನನಗೆ ಕುತೂಹಲ ಹುಟ್ಟಿದ್ದು ಇವರ ಮೇಲೇ.

ಹುಟ್ಟಿದ್ದು 1964ರಲ್ಲಿ, ಹೈದರಾಬಾದಿನಲ್ಲಿ. ನಾಲ್ಕು ವರ್ಷದವರಿದ್ದಾಗ ತಾಯಿ, ಅಣ್ಣನ ಜೊತೆ ಅಮೆರಿಕಕ್ಕೆ ಹೋದರು. ತಂದೆ ಮೊದಲೇ ಜಾರ್ಜಿಯಾದಲ್ಲಿ ಓದುತ್ತಿದ್ದರು, ಆಮೇಲೆ ಅಲ್ಲೇ ಕಾಲೇಜು ಮೇಷ್ಟ್ರಾದರು. ಮಗಳು ಎಮೊರಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷಿನಲ್ಲಿ ಪಿಎಚ್‌ಡಿ ಮಾಡಿ, 1991ರಲ್ಲಿ ಗಂಡನ ಜೊತೆ ವರ್ಜೀನಿಯಾದ ರಾಜಧಾನಿ ರಿಚ್ಮಂಡಿಗೆ ಬಂದು, ಹತ್ತಿರ ಹತ್ತಿರ ಮೂವತ್ತು ವರ್ಷ ಪಾಠ ಹೇಳಿದರು. ಅದರಲ್ಲಿ ಬಹುಪಾಲು ರೆನಾಲ್ಡ್ಸ್ ಕಮ್ಯೂನಿಟಿ ಕಾಲೇಜಿನಲ್ಲಿ. 2019ರಲ್ಲಿ, 55ನೇ ವಯಸ್ಸಿನಲ್ಲಿ, ಮೊದಲ ಸಲ ಚುನಾವಣೆಗೆ ನಿಂತು ಹಾಲಿ ಸೆನೆಟರ್ ಗ್ಲೆನ್ ಸ್ಟರ್ಟ್‌ವಂಟ್ ಅವರನ್ನು ಸೋಲಿಸಿದರು. ಅದಕ್ಕೆ ಮುಂಚೆ ಪಂಚಾಯಿತಿ ಇಲ್ಲ, ಪಾಲಿಕೆ ಇಲ್ಲ, ಅಪ್ಪ ಮಾವ ರಾಜಕೀಯದಲ್ಲಿ ಇಲ್ಲ.

ಭಾರತ ಮೂಲದವರು ಗೆದ್ದರು ಅಂತ ಲಾಡು ಹಂಚೋಕೆ ಇದನ್ನು ಬರೆದಿಲ್ಲ. ನನ್ನ ಪ್ರಶ್ನೆ ಬೇರೆ. ಮೇಷ್ಟ್ರುಗಳ ದನಿ ಸದನದಲ್ಲಿ ಇರಲಿ ಅಂತ ನಮ್ಮ ಸಂವಿಧಾನ ಬೇರೆ ಬಾಗಿಲನ್ನೇ ಇಟ್ಟಿದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನದಲ್ಲಿ 7 ಶಿಕ್ಷಕರ ಕ್ಷೇತ್ರ. ವರ್ಜೀನಿಯಾದಲ್ಲಿ ಅಂಥ ಬಾಗಿಲೇ ಇಲ್ಲ. ಬಾಗಿಲಿಲ್ಲದ ಕಡೆ ಮೇಡಂ ಒಳಗೆ ಹೋದರು, ಬಾಗಿಲಿರೋ ಕಡೆ ನಾವು ಹೊರಗೇ ನಿಂತಿದ್ದೀವಿ. ಯಾಕೆ?

ಮಂಡಕ್ಕಿ ಭಟ್ಟಿ

ಮೇಷ್ಟ್ರೆ ನಮಸ್ಕಾರ. ಲೆಫ್ಟಿನೆಂಟ್ ಗವರ್ನರ್ ಅಂದ್ರೆ ದೆಹಲಿ, ಪುದುಚೇರಿಯಲ್ಲಿ ಇರ್ತಾರಲ್ಲ, ಸಿಎಂ ಜೊತೆ ದಿನಾ ಕಿತ್ತಾಡೋರು, ಅವರಾ? ಅದಕ್ಕೂ ಚುನಾವಣೆನಾ?

ಜೇಮ್ಸ್ ನದಿ ದಂಡೆ

ಅಲ್ಲ ಅಣ್ಣಾ, ಹೆಸರು ಒಂದೇ, ಕೆಲಸ ಬೇರೆ. ನಾನು ವಿದ್ಯಾನಗರದವಳು, ರಿಚ್ಮಂಡ್ ಪಕ್ಕ ಆರು ವರ್ಷದಿಂದ ಇದೀನಿ. ಇಲ್ಲಿ ಗವರ್ನರ್ ಅಂದ್ರೆ ನಮ್ಮ ಸಿಎಂ ಇದ್ದಂಗೆ, ಆದರೆ ಜನರೇ ನೇರ ಆರಿಸ್ತಾರೆ. ಲೆಫ್ಟಿನೆಂಟ್ ಗವರ್ನರ್‌ಗೂ ಬೇರೆ ಮತ. ಡಿಸಿಎಂ ಅನ್ನೋ ಹಾಗೂ ಇಲ್ಲ, ಕೈಯಲ್ಲಿ ಖಾತೆ ಇರಲ್ಲ. ಮುಖ್ಯ ಕೆಲಸ ಸೆನೆಟ್‌ನ ಪೀಠದಲ್ಲಿ ಕೂತು ಸದನ ನಡೆಸೋದು. ಮತ ಸಮ ಸಮ ಆದಾಗ ಮಾತ್ರ ಅವರ ಮತ. ಗವರ್ನರ್ ಸ್ಥಾನ ಖಾಲಿಯಾದರೆ ಅಲ್ಲಿ ಹೋಗಿ ಕೂರೋದೂ ಇವರೇ.

ಇಲ್ಲಿ ಸೆನೆಟ್ ಅಂದ್ರೆ ವಾಷಿಂಗ್ಟನ್ನಿನದಲ್ಲ, ರಾಜ್ಯದ್ದು. 40 ಜನ. 2023ರ ಚುನಾವಣೆಯಲ್ಲಿ ಮೇಡಂ ಪಕ್ಷದ ಡೆಮಾಕ್ರಾಟರು 21, ರಿಪಬ್ಲಿಕನ್ನರು 19. ಒಬ್ಬರು ಆ ಕಡೆ ವಾಲಿದ್ರೆ 20-20. ಆಗ ಪೀಠದಲ್ಲಿ ಕೂತ ಮೇಡಂ ಮತಕ್ಕೆ ಬೆಲೆ ಗೊತ್ತಾಗುತ್ತೆ. ಜನವರಿ 17ಕ್ಕೆ ಅಧಿಕಾರ ತಗೊಂಡ್ರು, ಗವರ್ನರ್ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಜೊತೆ.

ಇನ್ನೊಂದು ತಮಾಷೆ ಕೇಳಿ. ಮೇಡಂ ಪಾಠ ಹೇಳಿದ ಕಾಲೇಜಿಗೆ ಜೆ. ಸಾರ್ಜೆಂಟ್ ರೆನಾಲ್ಡ್ಸ್ ಅನ್ನೋರ ಹೆಸರಿಟ್ಟಿದಾರೆ. ಅವರೂ ವರ್ಜೀನಿಯಾದ ಲೆಫ್ಟಿನೆಂಟ್ ಗವರ್ನರ್ ಆಗಿದ್ದೋರೇ, 1971ರಲ್ಲಿ ಹುದ್ದೆಯಲ್ಲಿರುವಾಗಲೇ ತೀರಿಕೊಂಡ್ರು, ಇನ್ನೂ ಚಿಕ್ಕ ವಯಸ್ಸು. ಆ ಹೆಸರಿನ ಬೋರ್ಡ್ ಕೆಳಗೆ ದಿನಾ ಓಡಾಡಿದ ಮೇಡಂ ಕೊನೆಗೆ ಅದೇ ಕುರ್ಚಿಗೆ ಬಂದ್ರು.

ಹದಡಿ ರಸ್ತೆ ಮೇಷ್ಟ್ರು

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ವಿದ್ಯಾನಗರದವರು ಅಂದ್ರಿ, ಯಾವ ಬ್ಯಾಚ್ ತಾಯಿ?

ಜೇಮ್ಸ್ ನದಿ ದಂಡೆ

ಅದನ್ನ ಇಲ್ಲಿ ಹೇಳಲ್ಲ ಸರ್, ನನ್ನ ಇಂಗ್ಲಿಷ್ ಮಾರ್ಕ್ಸು ನಿಮಗೆ ನೆನಪಾದ್ರೆ ಕಷ್ಟ.

ವಕೀಲ್ರು ಪಿ.ಜೆ. ಬಡಾವಣೆ

ಮೇಷ್ಟ್ರ ಪ್ರಶ್ನೆಗೆ ಕಾನೂನಿನ ಕಡೆಯಿಂದ ಒಂದು ಉತ್ತರ. ಶಿಕ್ಷಕರ ಕ್ಷೇತ್ರ ಅಂದ ತಕ್ಷಣ ಶಿಕ್ಷಕರಿಗೆ ಮೀಸಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಮತದಾರ ಶಿಕ್ಷಕನಾಗಿರಬೇಕು ಅಷ್ಟೇ. ಅಭ್ಯರ್ಥಿ ಯಾರಾದರೂ ಆಗಬಹುದು. 30 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಮುಗಿಯಿತು. ಪದವೀಧರ ಕ್ಷೇತ್ರದಿಂದ ನಿಲ್ಲೋರು ಪದವೀಧರರೇ ಆಗಿರಬೇಕಾ ಅನ್ನೋ ವ್ಯಾಜ್ಯ ಮದ್ರಾಸಿನಿಂದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಬೇಕಿಲ್ಲ ಅಂತ 1972ರಲ್ಲಿ ತೀರ್ಪಾಯಿತು. ಶಿಕ್ಷಕರ ಕ್ಷೇತ್ರಕ್ಕೂ ತರ್ಕ ಅದೇ.

ಇನ್ನೊಂದು ವಿಚಾರ. ವಿಧಾನಸಭೆಗೆ ನಿಂತರೆ ನಮ್ಮ ರಾಜ್ಯದಲ್ಲಿ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ ಇದೆ. ಪರಿಷತ್ ಚುನಾವಣೆಗೆ ಮಿತಿಯೇ ಇಲ್ಲ. ಬರೀ ಮೇಷ್ಟ್ರುಗಳು ಮತ ಹಾಕೋ ಚುನಾವಣೆಗೆ ದುಡ್ಡಿನ ಕುಳಗಳು ಯಾಕೆ ಬರ್ತಾರೆ ಅಂತ ಕೇಳ್ತಿರ್ತೀರಲ್ಲ, ಈಗ ಲೆಕ್ಕ ಹಾಕಿಕೊಳ್ಳಿ.

ಜಗಳೂರು ಕಡೆಯವ

ಸರ್, ಎಲ್ಲಾ ಸರಿ, ಆದ್ರೆ ಮೇಷ್ಟ್ರು ಬಂದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋ ಹಂಗೆ ಮಾತಾಡಬೇಡಿ. ನಮ್ಮೂರ ಹೈಸ್ಕೂಲಲ್ಲಿ ಒಬ್ಬರು ಇದ್ರು, ಚೀಟಿ ವ್ಯವಹಾರ, ಸೈಟ್ ವ್ಯವಹಾರ, ಸಂಘದ ಎಲೆಕ್ಷನ್, ಇಷ್ಟು ಮುಗಿದ ಮೇಲೆ ಟೈಮ್ ಉಳಿದ್ರೆ ಪಾಠ. ನಮ್ಮ ಬ್ಯಾಚಿನ ಗಣಿತ ಹಾಳಾಗಿದ್ದೇ ಅವರಿಂದ. ಅಂಥೋರು ಸದನಕ್ಕೆ ಹೋದ್ರೆ ಅಲ್ಲೂ ಅದೇ.

ಇನ್ನೊಂದು, ನಾಲ್ಕು ವರ್ಷಕ್ಕೆ ಹೋದ ಮಗೂನ ವಲಸಿಗರು ಅಂತ ಕರೆಯೋದು ಎಷ್ಟು ಸರಿ? ಬೆಳೆದಿದ್ದೆಲ್ಲ ಅಲ್ಲೇ. ಅವರಿಗೆ ಹೈದರಾಬಾದ್ ಎಷ್ಟು ಗೊತ್ತಿರುತ್ತೆ?

ಕೋಟೆ ಬುರುಜು

ಚಿತ್ರದುರ್ಗದಿಂದ. ಕಾಲೇಜಿನಲ್ಲಿ ಚರಿತ್ರೆ ಹೇಳುತ್ತೇನೆ. ಜಗಳೂರಿನವರ ಎರಡನೇ ಮಾತು ಮೇಲ್ನೋಟಕ್ಕೆ ಸರಿ ಅನ್ನಿಸುತ್ತೆ. ಆದರೆ ವಲಸಿಗ ಯಾರು ಅನ್ನೋದನ್ನು ಹೋದವರು ತೀರ್ಮಾನಿಸಲ್ಲ, ಅಲ್ಲಿದ್ದವರು ತೀರ್ಮಾನಿಸುತ್ತಾರೆ. 2017ರ ಜನವರಿ 27ರಂದು ಟ್ರಂಪ್ ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶದವರಿಗೆ ಪ್ರವೇಶ ನಿಷೇಧಿಸಿ ಆದೇಶ ಹೊರಡಿಸಿದರು. ಹಶ್ಮಿ ರಾಜಕೀಯಕ್ಕೆ ಇಳಿಯಲು ಅದೇ ಕಾರಣ ಅಂತ ಅವರೇ ಹೇಳಿಕೊಂಡಿದ್ದಾರೆ. ಹತ್ತಿರ ಹತ್ತಿರ ಐವತ್ತು ವರ್ಷ ಬಾಳಿದ ದೇಶದಲ್ಲಿ ನಾನಿನ್ನೂ ಹೊರಗಿನವಳಾ ಅನ್ನೋ ಅನುಮಾನ ಆಗ ಬಂತಂತೆ.

ಇವರಿಗಿಂತ ಅರವತ್ತು ವರ್ಷ ಹಿಂದಿನ ಇನ್ನೊಬ್ಬರ ಕಥೆ ಹೇಳಲೇಬೇಕು. ದಲೀಪ್ ಸಿಂಗ್ ಸೌಂದ್. ಪಂಜಾಬಿನ ಹಳ್ಳಿಯವರು, 1899ರಲ್ಲಿ ಹುಟ್ಟಿದವರು. 1920ರಲ್ಲಿ ಅಮೆರಿಕಕ್ಕೆ ಹೋಗಿ ಬರ್ಕ್ಲಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದರು, 1924ಕ್ಕೆ ಮುಗಿಯಿತು. ಆ ಓದಿಗೆ ಎಲ್ಲಿಯಾದರೂ ಮೇಷ್ಟ್ರಾಗಬೇಕಿತ್ತು. ಆದರೆ ಅದರ ಹಿಂದಿನ ವರ್ಷವೇ, 1923ರಲ್ಲಿ, ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡುವಂತಿಲ್ಲ ಅಂತ ಥಿಂದ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಗಣಿತದ ಡಾಕ್ಟರು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಹೊಲ ಮಾಡಿಕೊಂಡು ಇದ್ದುಬಿಟ್ಟರು. ಸುಮ್ಮನಿರಲಿಲ್ಲ, ಕಾನೂನು ಬದಲಾಗಲಿ ಅಂತ ಓಡಾಡಿದರು. 1946ರಲ್ಲಿ ಭಾರತೀಯರಿಗೂ ಪೌರತ್ವದ ದಾರಿ ತೆರೆದ ಲೂಸ್-ಸೆಲ್ಲರ್ ಕಾಯ್ದೆ ಬಂತು, 1949ರಲ್ಲಿ ಪೌರತ್ವ ಸಿಕ್ಕಿತು. 1950ರಲ್ಲಿ ಸ್ಥಳೀಯ ನ್ಯಾಯಾಧೀಶರ ಚುನಾವಣೆ ಗೆದ್ದರು. ಪೌರನಾಗಿ ಒಂದು ವರ್ಷ ತುಂಬಿಲ್ಲ ಅಂತ ಕುರ್ಚಿ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು. 1956ರಲ್ಲಿ, ವಿಮಾನ ಹಾರಿಸಿ ದೇಶಕ್ಕೆಲ್ಲ ಹೆಸರಾಗಿದ್ದ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿ ಸಂಸತ್ತಿಗೇ ಹೋದರು. ಅಲ್ಲಿನ ಸಂಸತ್ತಿಗೆ ಹೋದ ಮೊದಲ ಏಷ್ಯಾ ಮೂಲದವರು ಅವರು.

ಓದಿದ್ದು ಗಣಿತ, ಮಾಡಿದ್ದು ಬೇಸಾಯ. ಪಾಠ ಹೇಳೋ ಅವಕಾಶ ತಪ್ಪಿದವರು. ಹಶ್ಮಿಗೆ ಅದಾದರೂ ಸಿಕ್ಕಿತು.

ಮಂಡಕ್ಕಿ ಭಟ್ಟಿ

ಸರ್, ಗೆದ್ದ ಮೇಲೂ ಕುರ್ಚಿ ಕೊಡಲಿಲ್ಲ ಅಂದ್ರಲ್ಲ, ಮತ್ತೆ ನಿಂತ್ರಲ್ಲ, ಆ ಹಟಕ್ಕೆ ಒಂದು ನರ್ಗಿಸ್ ಮಂಡಕ್ಕಿ, ನಾಲ್ಕು ಮಿರ್ಚಿ ನನ್ನ ಲೆಕ್ಕದಲ್ಲಿ.

ಸಿರಾ ಗಡಿ

ನಮ್ಮ ಕನ್ನಡದವರನ್ನ ಮರೆತ್ರಾ? ಚಂದ್ರ ಆರ್ಯ! ಹಿರಿಯೂರು ದಾಟಿದ್ರೆ ಸಿರಾ, ಆ ತಾಲ್ಲೂಕಿನವರು. 2015ರಲ್ಲಿ ಕೆನಡಾದ ನೆಪಿಯನ್ನಿಂದ ಎಂಪಿ, 2022ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ರು. ನಮ್ಮ ಮನೆಯಲ್ಲಿ ಆ ವಿಡಿಯೊ ಟಿವಿಗೆ ಹಾಕಿ ನೋಡಿದ್ವಿ.

ಜೇಮ್ಸ್ ನದಿ ದಂಡೆ

ಮರೆತಿಲ್ಲ ಅಣ್ಣಾ. ಆದರೆ ಅವರು ಮೇಷ್ಟ್ರಲ್ಲ. ಮತ್ತೆ ಅವರ ಕೊನೆ ಏನಾಯ್ತು ನೋಡಿ, 2025ರಲ್ಲಿ ಪಕ್ಷ ಅವರ ಟಿಕೆಟ್ ವಾಪಸ್ ತಗೊಂಡು, ಅದೇ ನೆಪಿಯನ್ನಲ್ಲಿ ಪಕ್ಷದ ನಾಯಕ, ಪ್ರಧಾನಿ ಮಾರ್ಕ್ ಕಾರ್ನಿ ನಿಂತರು. ಮೂರು ಸಲ ಗೆದ್ದೋರಿಗೂ ಹಂಗಾಯ್ತು. ಅಲ್ಲಿ ಟಿಕೆಟ್ ಕೀಲಿ ಪಕ್ಷದ ಕೈಲಿ.

ವರ್ಜೀನಿಯಾದಲ್ಲಿ ಆ ಕೀಲಿ ಮತದಾರರ ಕೈಲಿದೆ. ಮೇಷ್ಟ್ರು ಕೇಳಿದ ಪ್ರಶ್ನೆಗೆ ನನಗೆ ಹೊಳೆಯೋ ಉತ್ತರ ಇದೇ. ಪ್ರೈಮರಿ ಅಂತ ಒಂದು ಚುನಾವಣೆ ಮೊದಲು ಆಗುತ್ತೆ, ಪಕ್ಷದ ಅಭ್ಯರ್ಥಿ ಯಾರು ಅಂತ ಜನ ಬೂತಿಗೆ ಹೋಗಿ ಮತ ಹಾಕ್ತಾರೆ. ಇಲ್ಲಿ ಪಕ್ಷದ ಸದಸ್ಯತ್ವ ನೋಂದಣಿನೂ ಇಲ್ಲ, ಯಾವ ಮತದಾರ ಬೇಕಾದ್ರೂ ಒಂದು ಪಕ್ಷದ ಪ್ರೈಮರಿಯಲ್ಲಿ ಹಾಕಬಹುದು. 2019ರಲ್ಲಿ ಯಾರಿಗೂ ಗೊತ್ತಿಲ್ಲದ ಕಾಲೇಜು ಮೇಡಂ ಟಿಕೆಟ್ ಪಡೆದಿದ್ದು ಹಾಗೆ. 2025ರ ಜೂನ್ ಪ್ರೈಮರಿ ಅಂತೂ ಉಸಿರು ಬಿಗಿಹಿಡಿದು ನೋಡೋ ಹಂಗಿತ್ತು. ಆರು ಜನ ಕಣದಲ್ಲಿ, ಎದುರಿಗೆ ರಿಚ್ಮಂಡಿನ ಮಾಜಿ ಮೇಯರ್ ಲೆವಾರ್ ಸ್ಟೋನಿ. ಗೆದ್ದಿದ್ದು ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ. ಸ್ಟೋನಿ ಪಕ್ಷದಲ್ಲಿ ಬೇರು ಬಿಟ್ಟ ಮನುಷ್ಯ. ಟಿಕೆಟ್ ಹೈಕಮಾಂಡ್ ಕೊಡೋದಾಗಿದ್ರೆ ಯಾರಿಗೆ ಸಿಗ್ತಿತ್ತು ಹೇಳಿ.

ನನಗೆ ಮಾತ್ರ ಇಲ್ಲಿ ಮತ ಇಲ್ಲ, ಎಚ್1ಬಿ ಅನ್ನೋ ಕೆಲಸದ ವೀಸಾದಲ್ಲಿರೋಳು. ದಾವಣಗೆರೆ ಪಟ್ಟಿಯಲ್ಲಿ ಅನಿವಾಸಿ ಮತದಾರಳಾಗಿ ಸೇರಬಹುದು, ಆದರೆ ಹಾಕೋಕೆ ಬೂತಿಗೇ ಬರಬೇಕು. ಮತ ಒಂದಕ್ಕೆ ಲಕ್ಷದ ಮೇಲಿನ ಟಿಕೆಟ್ಟು.

ಹದಡಿ ರಸ್ತೆ ಮೇಷ್ಟ್ರು

ಸರಿಯಾಗಿ ಹಿಡಿದಿರಿ ತಾಯಿ. ಇಲ್ಲಿ 2024ರ ಲೋಕಸಭೆ ನೆನೆಸಿಕೊಳ್ಳಿ. ದಾವಣಗೆರೆಗೆ ಒಂದು ಪಕ್ಷ ಮಂತ್ರಿಯ ಹೆಂಡತಿಗೆ ಟಿಕೆಟ್ ಕೊಟ್ಟಿತು, ಇನ್ನೊಂದು ಪಕ್ಷ ಹಾಲಿ ಎಂಪಿಯ ಹೆಂಡತಿಗೆ. ಇಬ್ಬರ ಯೋಗ್ಯತೆ ಬಗ್ಗೆ ನಾನು ಏನೂ ಹೇಳ್ತಿಲ್ಲ, ಅದು ಬೇರೆ ಚರ್ಚೆ. ಆದರೆ ಹದಿನೈದು ಲಕ್ಷದ ಮೇಲೆ ಮತದಾರರಿರೋ ಕ್ಷೇತ್ರದಲ್ಲಿ ಎರಡು ಬಿ ಫಾರಂ ಎರಡು ಮನೆ ಬಾಗಿಲು ದಾಟಿ ಆಚೆ ಬರಲಿಲ್ಲ. ಒಬ್ಬ ಹೈಸ್ಕೂಲ್ ಮೇಷ್ಟ್ರು ಟಿಕೆಟ್ ಕೇಳೋಕೆ ಯಾರ ಮನೆ ಕಾಲಿಂಗ್ ಬೆಲ್ ಒತ್ತಬೇಕು ಹೇಳಿ.

ವಕೀಲ್ರು ಪಿ.ಜೆ. ಬಡಾವಣೆ

ಅಮೆರಿಕದ್ದೆಲ್ಲ ಚಿನ್ನ ಅಂತ ತಿಳಿಯಬೇಡಿ. ವರ್ಜೀನಿಯಾದಲ್ಲಿ ಅಭ್ಯರ್ಥಿಗೆ ಯಾರು ಎಷ್ಟು ಬೇಕಾದರೂ ದೇಣಿಗೆ ಕೊಡಬಹುದು, ಮಿತಿಯೇ ಇಲ್ಲ. ಪ್ರೈಮರಿ ಗೆಲ್ಲೋಕೂ ದುಡ್ಡು ಬೇಕು. ವ್ಯತ್ಯಾಸ ಇಷ್ಟೇ, ಯಾರು ಕೊಟ್ಟರು ಅಂತ ಬಹಿರಂಗ ಪಟ್ಟಿ ಇರುತ್ತೆ.

ಸಂಬಳನೂ ಹೇಳಿಬಿಡ್ತೀನಿ. ಅಲ್ಲಿ ರಾಜ್ಯದ ಸೆನೆಟರಿಗೆ ವರ್ಷಕ್ಕೆ 18,000 ಡಾಲರ್. ಅಧಿವೇಶನ ಸಮ ವರ್ಷದಲ್ಲಿ 60 ದಿನ, ಬೆಸ ವರ್ಷದಲ್ಲಿ ಅದಕ್ಕಿಂತ ಕಡಿಮೆ. ಆ ದುಡ್ಡಲ್ಲಿ ಅಮೆರಿಕದಲ್ಲಿ ಮನೆ ನಡೆಯಲ್ಲ, ಹಾಗಾಗಿ ಶಾಸಕರಿಗೆ ಇನ್ನೊಂದು ಕೆಲಸ ಇರಲೇಬೇಕು ಅನ್ನೋ ಲೆಕ್ಕದಲ್ಲೇ ವ್ಯವಸ್ಥೆ ನಿಂತಿದೆ. ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಶಾಸಕರ ಸಂಬಳ ತಿಂಗಳಿಗೆ 40,000ದಿಂದ 80,000 ಆಯಿತು, ಭತ್ಯೆಗಳು ಬೇರೆ. ಇಲ್ಲಿ ಶಾಸಕಗಿರಿ ಪೂರ್ತಿ ಉದ್ಯೋಗ. ಸರ್ಕಾರಿ ಶಾಲೆ ಮೇಷ್ಟ್ರು ನಿಲ್ಲಬೇಕಾದರೆ ಮೊದಲು ರಾಜೀನಾಮೆ ಕೊಡಬೇಕು. ಸೋತರೆ ಕೆಲಸನೂ ಇಲ್ಲ, ಪಿಂಚಣಿನೂ ಅತಂತ್ರ. 45 ವಯಸ್ಸಿನಲ್ಲಿ, ಮಗಳು ಪಿಯುಸಿಯಲ್ಲಿರುವಾಗ, ಯಾವ ಮೇಷ್ಟ್ರು ಆ ಜೂಜಾಡ್ತಾರೆ?

ಜಗಳೂರು ಕಡೆಯವ

ಇದು ಸರಿಯಾದ ಪಾಯಿಂಟು. ಸೋತ ಮೇಲೆ ಸ್ಟಾಫ್ ರೂಮಿಗೆ ವಾಪಸ್ ಬರೋಕೆ ಆಗಲ್ಲ ಅನ್ನೋದೇ ನಮ್ಮಲ್ಲಿ ದೊಡ್ಡ ತಡೆ.

ಅತಿಥಿ ಉಪನ್ಯಾಸಕಿ

ಎರಡು ದಿನದಿಂದ ಓದ್ತಾ ಇದೀನಿ, ಬರೀಬೇಕೋ ಬೇಡವೋ ಅಂತ. ನಾನು ಆಜಾದ್ ನಗರದಲ್ಲಿ ಹುಟ್ಟಿ ಬೆಳೆದವಳು. ಮನೆಮಾತು ಉರ್ದು, ಎಂ.ಎ. ಕನ್ನಡದಲ್ಲಿ. ಹನ್ನೊಂದು ವರ್ಷದಿಂದ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಹೇಳ್ತೀನಿ. ಪ್ರತಿ ವರ್ಷ ಮೊದಲ ದಿನ ಕ್ಲಾಸಿಗೆ ಹೋದಾಗ ಹಿಂದಿನ ಬೆಂಚಿಂದ ಒಂದು ಪ್ರಶ್ನೆ ಬರುತ್ತೆ: “ಮೇಡಂ, ನೀವು ಕನ್ನಡ ಮೇಡಮ್ಮಾ?” ಕೆಟ್ಟ ಮನಸ್ಸಿಂದ ಕೇಳಲ್ಲ, ನಿಜವಾಗಲೂ ಆಶ್ಚರ್ಯ. ನಾನು ಏನೂ ಹೇಳಲ್ಲ. ಬೋರ್ಡ್ ಮೇಲೆ ಪಂಪನ ಒಂದು ಪದ್ಯ ಬರೆದು ಓದಿಸ್ತೀನಿ. ಆಮೇಲೆ ಯಾರೂ ಕೇಳಲ್ಲ. ಮುಂದಿನ ವರ್ಷ ಹೊಸ ಮಕ್ಕಳು, ಮತ್ತೆ ಅದೇ ಪ್ರಶ್ನೆ.

ಹಶ್ಮಿ ಮೇಡಂ ಬಗ್ಗೆ ನನಗೆ ತಾಗಿದ್ದು ಆ ವಿಷಯ. ಅಮೆರಿಕದ ಮಕ್ಕಳಿಗೆ ಅಮೆರಿಕದ ಸಾಹಿತ್ಯ ಹೇಳಿಕೊಟ್ಟಿದ್ದು ಹೈದರಾಬಾದಿನಲ್ಲಿ ಹುಟ್ಟಿದವರು. ಅವರ ಭಾಷೇನ ಅವರಿಗೇ ಕಲಿಸೋದು. ಅವರೂ ಮೊದಲ ದಿನ ಆ ಪ್ರಶ್ನೆ ಎದುರಿಸಿರ್ತಾರೆ ಅಂತ ನನ್ನ ಊಹೆ. ಹೊರಗಿನವಳಾ ಅಂತ 2017ರಲ್ಲಿ ಅನುಮಾನ ಬಂತು ಅಂದ್ರಲ್ಲ ಚಿತ್ರದುರ್ಗದ ಸರ್, ನನ್ನ ಪ್ರಕಾರ ಅದು ಹೊಸದಾಗಿ ಬಂದಿದ್ದಲ್ಲ. ಅಷ್ಟು ವರ್ಷ ಕ್ಲಾಸಿನ ಒಳಗೇ ಉತ್ತರ ಕೊಡ್ತಿದ್ದರು, ಆಮೇಲೆ ಹೊರಗೆ ಬಂದು ಕೊಟ್ಟರು, ಅಷ್ಟೇ.

ಕಮ್ಯೂನಿಟಿ ಕಾಲೇಜು ಅಂದ್ರೆ ಹೇಗಿರುತ್ತೆ ಅಕ್ಕಾ?

ಜೇಮ್ಸ್ ನದಿ ದಂಡೆ

ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕಮ್ಯೂನಿಟಿ ಕಾಲೇಜು ಅಂದ್ರೆ ಎರಡು ವರ್ಷದ ಓದು, ಯಾರು ಬಂದ್ರೂ ಸೇರಿಸ್ಕೋತಾರೆ. ವರ್ಜೀನಿಯಾದಲ್ಲಿ 23 ಇವೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಸಂಜೆ ಕಾಲೇಜು, ಐಟಿಐ ಮೂರನ್ನೂ ಒಂದೇ ಕಾಂಪೌಂಡಿನಲ್ಲಿ ಇಟ್ಟಂಗೆ. ಹಗಲು ಅಂಗಡಿಯಲ್ಲಿ ಕೆಲಸ ಮಾಡಿ ಸಂಜೆ ಬರೋರು, ಮಕ್ಕಳಿರೋ ತಾಯಂದಿರು, ಇಂಗ್ಲಿಷ್ ಈಗ ಕಲೀತಿರೋ ವಲಸಿಗರು ಎಲ್ಲ ಒಂದೇ ಬೆಂಚಲ್ಲಿ. ನಮ್ಮ ಪಕ್ಕದ ಮನೆಯ ಅಜ್ಜಿ 60 ದಾಟಿದ ಮೇಲೆ ಅಲ್ಲಿ ಅಕೌಂಟ್ಸ್ ಕಲಿತರು. ಅಂಥ ಕ್ಲಾಸಿನಲ್ಲಿ ಇಷ್ಟು ವರ್ಷ ಪಾಠ ಹೇಳಿದೋರಿಗೆ ಮತದಾರ ಯಾರು ಅಂತ ಬೇರೆ ಸರ್ವೆ ಮಾಡಿಸಬೇಕಾಗಿರಲಿಲ್ಲ.

ಸೆನೆಟ್‌ನಲ್ಲಿ ಶಿಕ್ಷಣ ಮತ್ತು ಆರೋಗ್ಯ ಸಮಿತಿಯ ಅಧ್ಯಕ್ಷರಾಗಿದ್ರು. ಎಲ್ಲಾ ಗೆದ್ದರು ಅಂತಲ್ಲ. ಗರ್ಭನಿರೋಧಕ ಬಳಸೋ ಹಕ್ಕಿನ ಮಸೂದೆ ತಂದರು, 2024ರಲ್ಲಿ ಆಗಿನ ಗವರ್ನರ್ ಯಂಗ್‌ಕಿನ್ ವೀಟೊ ಹಾಕಿದ್ರು. 2025ರಲ್ಲಿ ಮತ್ತೆ ತಂದರು, ಮತ್ತೆ ವೀಟೊ.

ಕೋಟೆ ಬುರುಜು

ಅವರು 2019ರಲ್ಲಿ ಸೋಲಿಸಿದ ಸ್ಟರ್ಟ್‌ವಂಟ್ 2023ರಲ್ಲಿ ಬೇರೆ ಕ್ಷೇತ್ರದಿಂದ ಅದೇ ಸೆನೆಟ್‌ಗೆ ವಾಪಸ್ ಬಂದರು, ಅದನ್ನೂ ಹೇಳಿ. ಈಗ ಅವರು ಸದಸ್ಯರು, ಇವರು ಪೀಠದಲ್ಲಿ. ಮಾತಾಡಬೇಕಾದರೆ ಇವರ ಅನುಮತಿ ಕೇಳಬೇಕು.

ಪೀಠ ಅಂದಾಗ ನೆನಪಾಯ್ತು, ನಮ್ಮಲ್ಲೂ ಮೇಷ್ಟ್ರು ಆ ಪೀಠಕ್ಕೆ ಹೋಗಿದ್ದಾರಲ್ಲ. ಬಸವರಾಜ ಹೊರಟ್ಟಿ ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು. 1980ರಿಂದ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಗೆಲ್ಲುತ್ತಾ ಬಂದು 2022ಕ್ಕೆ ಎಂಟನೇ ಸಲ. ಪರಿಷತ್ತಿನ ಸಭಾಪತಿಯೂ ಆದರು. ಬಾಗಿಲು ಪೂರ್ತಿ ಮುಚ್ಚಿದೆ ಅನ್ನೋದು ಅತಿ ಆಯಿತು ಮೇಷ್ಟ್ರೆ.

ಹದಡಿ ರಸ್ತೆ ಮೇಷ್ಟ್ರು

ಒಪ್ಪಿದೆ ಸರ್, ನನ್ನದು ಅತಿಯಾಯಿತು. ಆದರೆ ಒಬ್ಬರು ಎಂಟು ಸಲ ಹೋದರು ಅನ್ನೋದು ಬಾಗಿಲು ತೆರೆದಿದೆ ಅನ್ನೋದಕ್ಕೆ ಸಾಕ್ಷಿನಾ, ಕಿರಿದಾಗಿದೆ ಅನ್ನೋದಕ್ಕಾ? ನೀವೂ ಯೋಚನೆ ಮಾಡಿ.

ನಮ್ಮ ಬಳಗದ ತಪ್ಪೂ ಇದೆ. ದಾವಣಗೆರೆ, ಹರಿಹರ, ಜಗಳೂರು, ಇಡೀ ಚಿತ್ರದುರ್ಗ ಜಿಲ್ಲೆ ಬರೋದು ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ; ಚನ್ನಗಿರಿ, ಹೊನ್ನಾಳಿ ನೈರುತ್ಯಕ್ಕೆ. ಒಂದೇ ಜಿಲ್ಲೆಯ ಮೇಷ್ಟ್ರುಗಳು ಎರಡು ಕ್ಷೇತ್ರ. ಇರಲಿ. ಇಲ್ಲಿ ಮಷಿನ್ ಇಲ್ಲ, ಕಾಗದದ ಮತಪತ್ರ. ಇಷ್ಟವಾದವರ ಮುಂದೆ 1, 2, 3 ಅಂತ ಪ್ರಾಶಸ್ತ್ಯದ ಅಂಕಿ ಬರೀಬೇಕು, ಅದೂ ಅವರು ಕೊಡೋ ಸ್ಕೆಚ್ ಪೆನ್ನಿನಲ್ಲೇ. ಕನ್ನಡ ಅಂಕಿ ೧ ಅಂತ ಬರೆದರೂ ನಡೆಯುತ್ತೆ, ಅಕ್ಷರದಲ್ಲಿ ‘ಒಂದು’ ಅಂತ ಬರೆದರೆ ನಡೆಯಲ್ಲ. ಪ್ರತಿ ಸಲ ಎಣಿಕೆಯಲ್ಲಿ ಒಂದಷ್ಟು ಕುಲಗೆಟ್ಟ ಮತ ಸಿಕ್ಕೇ ಸಿಗುತ್ತವೆ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ, ಅಂಕಿ ಬರೆಯೋ ಬದಲು ರೈಟ್ ಮಾರ್ಕ್ ಹಾಕಿಬಿಡುತ್ತೆ! ಒಂದು ಸಲ ಬೂತಿನಿಂದ ಆಚೆ ಬಂದ ಮೇಲೆ ನನ್ನ ಸಹೋದ್ಯೋಗಿಯೊಬ್ಬರು ನಿಂತಲ್ಲೇ ನಿಂತು ಹಣೆ ಚಚ್ಚಿಕೊಂಡಿದ್ದು ಇನ್ನೂ ಕಣ್ಣ ಮುಂದಿದೆ.

ಮಂಡಕ್ಕಿ ಭಟ್ಟಿ

ಹೊಟ್ಟೆ ಹಿಡ್ಕಂಡು ನಕ್ಕೆ ಮೇಷ್ಟ್ರೆ. ಆದ್ರೆ ಆ ರೈಟ್ ಮಾರ್ಕ್ ಹಾಕೋ ಭಾಗ್ಯನೂ ನನಗಿಲ್ಲ. ಇಷ್ಟು ಹೊತ್ತು ತಮಾಷೆ ಮಾಡ್ತಿದ್ದೋನು ಯಾರು ಅಂತ ಹೇಳ್ತೀನಿ: ನಾನೂ ಮೇಷ್ಟ್ರೇ. ಹರಿಹರ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದನೇ ಕ್ಲಾಸು, ಇಬ್ಬರೇ ಶಿಕ್ಷಕರು. ಅಕ್ಷರ ತಿದ್ದಿಸೋದು, ಬಿಸಿಯೂಟದ ಲೆಕ್ಕ, ಜನಗಣತಿ, ಮತದಾರರ ಪಟ್ಟಿ ಪರಿಷ್ಕರಣೆ ಎಲ್ಲಾ ನಾವೇ. ಊರಿನವರಿಗೆಲ್ಲ ಮತದಾರರ ಚೀಟಿ ಹಂಚ್ತೀನಿ, ಶಿಕ್ಷಕರ ಕ್ಷೇತ್ರದ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿಲ್ಲ.

ವಕೀಲ್ರು ಪಿ.ಜೆ. ಬಡಾವಣೆ

ಸಂವಿಧಾನದ 171ನೇ ವಿಧಿ ಹಾಗೇ ಇದೆ ಮೇಷ್ಟ್ರೆ. ಪ್ರೌಢಶಾಲೆಗಿಂತ ಕೆಳಗಿಲ್ಲದ ಸಂಸ್ಥೆ, ಕನಿಷ್ಠ ಮೂರು ವರ್ಷ ಬೋಧನೆ. ಅದನ್ನು ಬದಲಿಸಬೇಕಾದರೆ ಸಂಸತ್ತೇ ಮನಸ್ಸು ಮಾಡಬೇಕು.

ಅತಿಥಿ ಉಪನ್ಯಾಸಕಿ

ಅಂದ್ರೆ ಅಕ್ಷರ ಕಲಿಸಿದ ಮೇಷ್ಟ್ರು ಮತದಾರ ಅಲ್ಲ, ಅಕ್ಷರ ಕಲಿಯದವರೂ ಅಭ್ಯರ್ಥಿ ಆಗಬಹುದು.

ವಕೀಲ್ರು ಪಿ.ಜೆ. ಬಡಾವಣೆ

ಕಾನೂನಿನ ಪ್ರಕಾರ ಹೌದು.

ಜಗಳೂರು ಕಡೆಯವ

ವಕೀಲ್ರೇ, ಹಂಗಾದ್ರೆ ಮಂಡಕ್ಕಿ ಮೇಷ್ಟ್ರು ಮತ ಹಾಕಂಗಿಲ್ಲ, ಆದ್ರೆ ರಾಜೀನಾಮೆ ಕೊಟ್ಟು ಕ್ಯಾಂಡಿಡೇಟ್ ಆಗಬಹುದಾ?

ವಕೀಲ್ರು ಪಿ.ಜೆ. ಬಡಾವಣೆ

ಆಗಬಹುದು. ತನ್ನ ಮತ ತನಗೇ ಹಾಕಿಕೊಳ್ಳೋಕೆ ಆಗಲ್ಲ.

ಮಂಡಕ್ಕಿ ಭಟ್ಟಿ

ಬೇಡ ಸರ್, ನನಗಿನ್ನೂ ಹದಿನಾಲ್ಕು ವರ್ಷ ಸರ್ವಿಸ್ ಐತಿ. ಹಶ್ಮಿ ಮೇಡಂ 55ಕ್ಕೆ ನಿಂತ್ರು ಅಂದ್ರಲ್ಲ, ನನಗೆ ಈಗ 46. ಹದಡಿ ರಸ್ತೆ ಮೇಷ್ಟ್ರು ಒಂದು ಸಲ ಕುಂದುವಾಡ ಕೆರೆ ಕಡೆ ಸಿಗಲಿ, ಮಾತಾಡಣ.

ಹದಡಿ ರಸ್ತೆ ಮೇಷ್ಟ್ರು

ಭಾನುವಾರ ಬೆಳಿಗ್ಗೆ ಆರೂವರೆ, ಏರಿ ಮೇಲೆ. ಕನ್ನಡ ಮೇಡಂ, ನೀವೂ ಬನ್ನಿ. ಅತಿಥಿ ಉಪನ್ಯಾಸಕರ ಸೇವೆಯನ್ನು ಆ ಮೂರು ವರ್ಷಕ್ಕೆ ಹಿಡೀತಾರಾ ಅಂತ ವಕೀಲ್ರನ್ನ ಎದುರಿಗೇ ಕೂರಿಸಿಕೊಂಡು ಕೇಳೋಣ. ಹಳೇ ಪಟ್ಟಿ ನಡೆಯಲ್ಲ, ಪ್ರತಿ ಚುನಾವಣೆಗೂ ಮತದಾರರ ಪಟ್ಟಿಗೆ ಹೆಸರು ಸೇರಿಸೋ ನಮೂನೆ 19 ಹೊಸದಾಗಿ ತುಂಬಬೇಕು, ಪ್ರತಿ ಹಿಡಿದುಕೊಂಡೇ ಬರ್ತೀನಿ.

ಅತಿಥಿ ಉಪನ್ಯಾಸಕಿ

ಬರ್ತೀನಿ ಸರ್. ಒಂಬತ್ತಕ್ಕೆ ವಾಪಸ್ ಹೋಗಬೇಕು, ಮೌಲ್ಯಮಾಪನದ ಪೇಪರ್ ಬಾಕಿ ಇವೆ.